ತೀನ್ ಹಾರ್ಬರ್

ಖಾಸಬಾಗದ ನಮ್ಮ ಮಗ್ಗದ ಶೆಡ್ಡಿಗೆ
ಮೋಟರ್ ವೈಂಡಿಂಗ್ ಮಾಡಾಕ ಬರತಿದ್ದ ಕ್ಯಾಂಪಿನ ಎವರಿಸ್ಟ ಲೋಬೋ
ಒಂದಿನ ಪಾನಾ ಪಕ್ಕಡ ಇದ್ದ ಚೀಲದಾಗ
ಒಂದು ತಾಟು ತಂದ. ಕರೇ ತಾಟು.
ಮನ್ಯಾಗ ಹಚ್ಚಿದ್ರ ಅವರಪ್ಪ ಬೈತಿದ್ನಂತ,
ಚರ್ಚಿನಾಗ ಆರ್ಗನ್ ಬಾರಸಾಂವ ಆತ.
ಲೀಡ್ಸಿನಾಗ ನರ್ಸ್ ಆಗಿದ್ದ ಅಕ್ಕ ಆಂಜೆಲಿನ್
ಸ್ವೆಟರಿನಾಗ ಸುತ್ತಿ ಕಳಿಸಿದ್ದಳು.

ಟಿನ್ ಹಾರ್ಬರ್ ಅಂತ ಹಾಡವ್ರ ಹೆಸರು.
ಕಂಡಕಿ ಸುತ್ತಕೋತ ಅವ್ವ ಕೇಳಿದಳು:
“ತೀನ್ ಅಂದ್ರ ಮೂರಲ್ಲೇನು?
ಚಿತ್ರದಾಗ ನಾಕು ಮಂದಿ ನಿಂತಾರ.
ಒಬ್ಬಾಂವ ಯಾರ ಮನೀ ಹುಡುಗ?”

ನಾಕೂ ಮಂದಿಗೆ ಒಂದಽ ಥಾನಿನ ಅರಿವಿ.
ಇಟ್ಟಂಗಿ ಗ್ವಾಡಿ, ಒಳಗ ಹೋದ ಗಲ್ಲ.
“ಹೊಲಿಗಿ ಛಲೋ ಐತಿ,” ಅಂದ ಅಪ್ಪ.
ಹನ್ನೆರಡು ಮಗ್ಗದ ಸಪ್ಪಳದಾಗ ಹಾಡು ಅರ್ಧಾ ಕೇಳತಿತ್ತು,
ಉಳದರ್ಧ ನಾವಽ ಹಾಕ್ಕೋತಿದ್ವಿ.
ನನ್ನ ಒಂದು ಕಂಡಕಿ ತುಂಬೂದ್ರಾಗ ಮುಗೀತಿತ್ತು.
ಸಾತಪ್ಪಣ್ಣ ಹಲಿಗಿ ಮ್ಯಾಲ ಬಟ್ಟಾಡಿಸಿ
“ಡ್ರಮ್ಮು ನಮ್ಮ ಮೂರನೇ ಮಗ್ಗ ಇದ್ದಂಗ,” ಅಂದ,
“ಹಂಗಽ ಚೂರು ಕುಂಟತೈತಿ.”

ಮುಂದಿನ ವರ್ಷ ಎರಡನೇ ತಾಟು, ಜೋಡಿ ಒಂದು ಪತ್ರ.
ಅವರ ಮೋಟಾರು ದವಾಖಾನಿ ಮುಂದ ಹಾದ್ರ
ಕಾಲು ಮುರಕೊಂಡಾವರೂ ಎದ್ದು ಕಿಡಕಿಗೆ ಹೋಗ್ತಾರಂತ.
ಈಗ ನಾಕು ಮಂದಿಗೆ ನಾಕು ಥರದ ಅರಿವಿ. ಗಡ್ಡ. ಮಣಿಸರ.
ಒಬ್ಬಾಂವ ಕ್ಯಾಮೆರಾ ಬಿಟ್ಟು ಬ್ಯಾರೆ ಕಡೆ ನೋಡ್ಯಾನ.
ಹಾಡು ಉದ್ದ ಆದ್ವು, ಎರಡು ಕಂಡಕಿ, ಮೂರು ಕಂಡಕಿ.
ನಡುವ ಕರೆಂಟ ಹೋದ್ರ
ಹಾಡಾವನ ದನಿ ಎಮ್ಮಿ ದನಿಗಿಳಿದು ನಿಲ್ಲತಿತ್ತು.
ಕತ್ತಲದಾಗ ಯಾರೂ ಏಳತಿರಲಿಲ್ಲ.
ಕರೆಂಟ ಬಂತಂದ್ರ, ಹನ್ನೆರಡು ಮಗ್ಗ ಮತ್ತ ಅಂವ,
ಬಿಟ್ಟ ಅಕ್ಷರದಿಂದಽ ಕೂಡಿ ಏಳತಿದ್ರು.

ಮೂರನೇದರ ಮ್ಯಾಲ ಮಂದೀನಽ ಇರಲಿಲ್ಲ.
ಒಂದು ಕುರ್ಚಿ.
ಆ ತಾಟು ಯಾರಿಗೂ ಸೇರಲಿಲ್ಲ,
ಸೇರಲಿಲ್ಲಂತ ಯಾರೂ ಬಾಯಿ ಬಿಡಲಿಲ್ಲ.
ಎವರಿಸ್ಟ ಎರಡು ಸರತಿ ಹಚ್ಚಿದ.
ಮೂರನೇ ಸರತಿ ಮೊದಲಿನ ತಾಟು ಹುಡುಕಿದ.

ಆ ಮ್ಯಾಲ ಬಂದದ್ದು ಬರೇ ಪತ್ರ.
ಅವರು ಬಿಟ್ಟು ವರ್ಷದ ಮ್ಯಾಲಾತು, ಬರಿಯೂದಽ ಮರ್ತಿದ್ದೆ.
ಖಾಸಬಾಗದಾಗಷ್ಟ ಅವರು ಒಂದು ವರ್ಷ ಹೆಚ್ಚಿಗಿ ಕೂಡಿ ಇದ್ರು.
ಮೊದಲು ಬಿಟ್ಟಾಂವ ಡ್ರಮ್ಮಿನಾಂವ.
ಉಳದ ಮೂವರು ಒಂದು ಚಳಿಗಾಲ ಹೆಂಗೋ ನೂಕಿದ್ರು.
“ಹೆಸರು ಈಗ ಸರಿ ಆತು,” ಅಂದಳು ಅವ್ವ.
ಅಂದಾಕಿ ನಗಲಿಲ್ಲ.
ಅಂವ ಈಗ ಹಾಲಿನ ಗಾಡಿ ಹೊಡಿತಾನ.
ಬಾಟಲಿ ಒಡದು ಬಟ್ಟು ಕೊಯ್ಕೊಂಡು ಬಂದಿದ್ದ,
ನಾನಽ ಪಟ್ಟಿ ಕಟ್ಟಿದೆ.
ಹೆಸರು ಬರಕೊಳ್ಳೂ ಮುಂದ ಗೊತ್ತಾತು.
ಏನೂ ಕೇಳಲಿಲ್ಲ ನಾ.

ಸಾತಪ್ಪಣ್ಣ ಯಾವ ಬಟ್ಟು ಅಂತ ಕೇಳಿದ.
ಪತ್ರದಾಗ ಅದು ಇರಲಿಲ್ಲ.

ಆ ವರ್ಷ ದೀವಳಿಗಿ ಹಂಗಾಮಿನಾಗ
ಜಕಾರ್ಡಿನ ಒಂದು ಪಟ್ಟಿ ಹರದು, ಹೊಸಾ ಪುಟ್ಟಾ ಸಿಗದ,
ಅಪ್ಪ ಮೊದಲನೇ ತಾಟಿನ ಕವರಿಗೆ ಕತ್ತರಿ ಹಾಕಿದ.
ನಾಕನೆಯವನ ಮಾರಿ ಉದ್ದಕ ಕೊಯ್ದು
ನಕಾಶಿ ಪ್ರಕಾರ ತೂತು ಹೊಡೆದ.
ಕಣ್ಣು ಉಳದ್ವು, ಗಲ್ಲಕ್ಕ ಬಿದ್ವು.
ಪಟ್ಟಿ ಒಂದು ಸುತ್ತು ತಿರುಗಿ ಅವನ ಪಾಳಿ ಬಂದ್ರ
ಸೂಜಿ ಗಲ್ಲದಾಗ ಇಳದು
ಸೆರಗಿನ ಮಾವಿನಕಾಯಿಗೆ ಒಂದು ಎಳಿ ಜರಿ.

ಮುನ್ನೂರು ಸೀರಿ ಹೋದ್ವು ಆ ಹಂಗಾಮಿನಾಗ,
ಶಹಾಪುರದ ಸಾವಕಾರನ ಕೈಲೆ, ಸಾಂಗ್ಲಿ ಕಡೆ, ಮಿರಜ ಕಡೆ.
ಒಂದು ನನ್ನ ಮದುವ್ಯಾಗ ನನಗ ಬಂತು.
ಕಾಯಿ ತುದಿ ಹತ್ರ ಒಂದು ಎಳಿ
ಚೂರು ತಡಾ ಮಾಡಿ ಬಂದಂಗ ಕಾಣತೈತಿ.
ನನ್ನ ಸೊಸಿಗೆ ತೋರಿಸಿದೆ.
ಎಲ್ಲಿ ಅತ್ತಿ, ಎಲ್ಲಿ, ಅಂದಳು.